ಓನರ್ ಬೀಗ ಬದಲಾಯಿಸ್ತೀನಿ ಅಂತಾರೆ, ಕೋರ್ಟಿನಿಂದ ಕಾಗದ ಬಂದಿದೆ: ನ್ಯೂ ಜೆರ್ಸಿಯಲ್ಲಿ ಮನೆ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾವು ನ್ಯೂ ಜೆರ್ಸಿಗೆ ಬಂದು ನಾಲ್ಕು ವರ್ಷ ಆಯ್ತು. ನಮ್ಮ ಯಜಮಾನರ ಅಣ್ಣ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದು. ಗ್ರೀನ್ ಕಾರ್ಡ್ ಇದೆ. ಯಜಮಾನರು ವೇರ್‌ಹೌಸ್‌ನಲ್ಲಿ ಕೆಲಸ ಮಾಡ್ತಾರೆ, ಗಂಟೆಗೆ 18 ಡಾಲರ್. ನಾನು ಡೇಕೇರ್‌ನಲ್ಲಿ ಅರ್ಧ ದಿನ ದುಡಿಯುತ್ತೇನೆ. ಒಂಬತ್ತು ವಾರದ ಹಿಂದೆ ಅವರಿಗೆ ಬೆನ್ನಿನ ಆಪರೇಷನ್ ಆಯ್ತು. ಇನ್ನೂ ಮೂರು ವಾರ ಕೆಲಸಕ್ಕೆ ಹೋಗಬಾರದು ಅಂದಿದ್ದಾರೆ ಡಾಕ್ಟರು. ತಿಂಗಳಿಗೆ 2,000 ಡಾಲರ್ ಬಾಡಿಗೆ, ಎರಡು ತಿಂಗಳದ್ದು ಬಾಕಿ. ಓನರ್ ನಮ್ಮ ಕಡೆಯವರೇ, ಕೆಳಗಿನ ಮನೆಯಲ್ಲೇ ಇದ್ದಾರೆ, ನಾವು ಮೇಲೆ. ಮೊದಲು ಚೆನ್ನಾಗಿದ್ದರು. ಈಗ ಭಾನುವಾರದೊಳಗೆ ದುಡ್ಡು ಬರದಿದ್ದರೆ ಬೀಗ ಬದಲಾಯಿಸ್ತೀನಿ ಅಂತಾರೆ. ಮೊನ್ನೆ ಕೋರ್ಟಿನಿಂದ ಕಾಗದವೂ ಬಂತು. ಸರ್ಕಾರ ಬಾಡಿಗೆ ಕಟ್ಟಿಕೊಡುತ್ತದೆ ಅಂತ ಒಬ್ಬರು ಹೇಳಿದರು. ಅದನ್ನು ತಗೊಂಡರೆ ಸಿಟಿಜನ್‌ಶಿಪ್ ಸಿಗಲ್ಲ, ಅಣ್ಣನ ಮೇಲೂ ಕೇಸ್ ಬರುತ್ತೆ ಅಂತ ಇನ್ನೊಬ್ಬರು ಹೆದರಿಸಿದರು. ಅರ್ಜಿ ಹಾಕಿದರೆ ಕೋರ್ಟ್ ಕೇಸ್ ನಿಲ್ಲುತ್ತಾ? ಇಲ್ಲ ಸುಮ್ನೆ ಮನೆ ಖಾಲಿ ಮಾಡಿಬಿಡೋದು ಒಳ್ಳೇದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದರೊಳಗೊಂದು ಸೇರಿಕೊಂಡಿವೆ. ದುಡ್ಡು ಎಲ್ಲಿಂದ ತರೋದು ಅನ್ನೋದು ಒಂದು. ಮನೆ ಕೈತಪ್ಪಿ ಹೋಗುತ್ತಾ ಅನ್ನೋದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು, ಯಾಕಂದರೆ ದುಡ್ಡಿನ ದಾರಿ ಬೇರೆ, ಕೋರ್ಟಿನ ದಾರಿ ಬೇರೆ. ನಾನು ವಕೀಲಳಲ್ಲ. ಬಾಡಿಗೆದಾರರಿಗೆ ಸಲಹೆ ಕೊಡುವ ಕೆಲಸದಲ್ಲಿ ಬಹಳ ವರ್ಷ ಕಳೆದವಳು. ಮನೆ ಕಳೆದುಕೊಂಡವರಲ್ಲಿ ನಾನು ಜಾಸ್ತಿ ಕಂಡಿದ್ದು ದುಡ್ಡೇ ಸಿಗದವರನ್ನಲ್ಲ. ದುಡ್ಡು ಬರುತ್ತೆ ಅಂತ ಕಾಯುತ್ತಾ ಕೋರ್ಟಿಗೆ ಹೋಗದೆ ಕೂತವರನ್ನು.

ಮೊದಲು ಭಾನುವಾರದ ವಿಷಯ. ಓನರ್ ಬೀಗ ಬದಲಾಯಿಸುವ ಹಾಗಿಲ್ಲ. ನಿಮ್ಮ ಸಾಮಾನು ಹೊರಗೆ ಹಾಕುವ ಹಾಗಿಲ್ಲ. ನೀರು, ಕರೆಂಟು, ಹೀಟರ್ ನಿಲ್ಲಿಸುವ ಹಾಗೂ ಇಲ್ಲ. ಅವರ ಸ್ವಂತ ಮನೆಯೇ ಆಗಿರಲಿ, ಅವರು ಕೆಳಗೇ ವಾಸ ಇರಲಿ, ನೀವು ಎರಡಲ್ಲ ಆರು ತಿಂಗಳು ಬಾಕಿ ಇಟ್ಟಿರಲಿ. ನ್ಯೂ ಜೆರ್ಸಿಯಲ್ಲಿ ಬಾಡಿಗೆದಾರರನ್ನು ಹೊರಗೆ ಹಾಕೋಕೆ ಕೋರ್ಟಿನ ಆದೇಶ ಬೇಕು. ಅದನ್ನು ಜಾರಿ ಮಾಡೋಕೆ ಬರುವವರೂ ಕೋರ್ಟಿನ ಅಧಿಕಾರಿಯೇ. ಓನರ್ ತಾವೇ ಬೀಗ ಹಾಕಿದರೆ ಪೊಲೀಸರನ್ನು ಕರೆಯಿರಿ. ಹೀಗೆ ಮಾಡೋದು ತಪ್ಪು ಅಂತ ಪೊಲೀಸರು ಎಚ್ಚರಿಸಿದ ಮೇಲೂ ಒಳಗೆ ಬಿಡದಿದ್ದರೆ ಅದು ಇಲ್ಲಿ ಅಪರಾಧ. ‘ಇದು ಸಿವಿಲ್ ವಿಷಯ, ನಾವು ಬರಲ್ಲ’ ಅಂತ ಫೋನಿನಲ್ಲೇ ಹೇಳುವ ಪೊಲೀಸರೂ ಇದ್ದಾರೆ. ಆಗ ‘ಕೋರ್ಟ್ ಆದೇಶ ಇಲ್ಲದೆ ಬೀಗ ಹಾಕಿದ್ದಾರೆ’ ಅನ್ನೋ ಒಂದೇ ಮಾತು ಬಿಡದೆ ಹೇಳಿ. ಲೀಸ್ ಅಥವಾ ನಿಮ್ಮ ಹೆಸರಿಗೆ ಆ ವಿಳಾಸಕ್ಕೆ ಬಂದ ಒಂದು ಬಿಲ್ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿ.

ಇನ್ನು ಕೋರ್ಟಿನ ಕಾಗದ. ಅದರಲ್ಲಿರುವ ತಾರೀಖು ಯಾವುದು ಅಂತ ನೀವು ಬರೆದಿಲ್ಲ. ಈಗಲೇ ಎದ್ದು ಹೋಗಿ ನೋಡಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬಾಡಿಗೆ ಕಟ್ಟಿಲ್ಲ ಅನ್ನೋ ಕೇಸಿನಲ್ಲಿ ಸಾಮಾನ್ಯವಾಗಿ ಮೊದಲು ಒಂದು ಸಮಾಲೋಚನೆ ಇರುತ್ತದೆ. ಕೋರ್ಟಿನವರು ನಿಮ್ಮನ್ನೂ ಓನರನ್ನೂ ಕೂರಿಸಿ ರಾಜಿ ಆಗುತ್ತಾ ನೋಡುತ್ತಾರೆ. ಆಗದಿದ್ದರೆ ವಿಚಾರಣೆ. ನೀವು ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಓನರ್ ಪರ ತೀರ್ಪು ಬರುತ್ತದೆ. ಇದಕ್ಕೆ ಉದ್ದದ ಲಿಖಿತ ಉತ್ತರ ಕೊಡಬೇಕಾಗಿಲ್ಲ. ಆದರೆ ಕೇಸ್ ಮಾಹಿತಿ ಫಾರಂ ಅಂತ ಒಂದಿದೆ, ಅದನ್ನು ಸಮಾಲೋಚನೆಗೆ ಐದು ದಿನ ಮೊದಲೇ ತುಂಬಿ ಕಳಿಸಬೇಕು. ಇಂಗ್ಲಿಷ್ ಕಷ್ಟ ಆದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಕೋರ್ಟಿನವರೇ ಏರ್ಪಾಡು ಮಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಗಳನ್ನೋ ಮಗನನ್ನೋ ಶಾಲೆ ಬಿಡಿಸಿ ದುಭಾಷಿ ಮಾಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಅರ್ಜಿ ಹಾಕಿದರೆ ಕೇಸ್ ನಿಲ್ಲುತ್ತಾ ಅಂದಿರಿ. ನಿಲ್ಲಲ್ಲ. ಈ ತಪ್ಪು ತಿಳುವಳಿಕೆ ಕೋವಿಡ್ ಕಾಲದಿಂದ ಉಳಿದುಕೊಂಡಿದ್ದು. ಆಗ ಎವಿಕ್ಷನ್‌ಗೆ, ಅಂದರೆ ಬಾಡಿಗೆದಾರರನ್ನು ಹೊರಗೆ ಹಾಕೋದಕ್ಕೆ, ಇಡೀ ದೇಶದಲ್ಲೇ ತಡೆ ಇತ್ತು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ‘ಸರ್ಕಾರ ಬಾಡಿಗೆ ಕಟ್ಟಿಕೊಡುತ್ತೆ’ ಅನ್ನೋ ಮಾತೂ ಅದೇ ಕಾಲದ್ದು. 2020ರ ಡಿಸೆಂಬರ್ ಮತ್ತು 2021ರ ಮಾರ್ಚ್‌ನಲ್ಲಿ ಇಲ್ಲಿನ ಸಂಸತ್ತು, ಅಂದರೆ ಅಮೆರಿಕದ ಕಾಂಗ್ರೆಸ್, ಎರಡು ಕಂತಿನಲ್ಲಿ ಸುಮಾರು 46 ಬಿಲಿಯನ್ ಡಾಲರ್ ಬಾಡಿಗೆ ಸಹಾಯಕ್ಕೆ ಕೊಟ್ಟಿತ್ತು. ಹಾಗೆ ಒಂದೇ ಅರ್ಜಿಗೆ ಹಲವು ತಿಂಗಳ ಬಾಡಿಗೆ ಸಿಗುತ್ತಿದ್ದ ಕಾಲ ಮುಗಿದಿದೆ. ಎರಡನೇ ಕಂತಿನ ಹಣ ಖರ್ಚು ಮಾಡಲು ಕೊಟ್ಟಿದ್ದ ಗಡುವೂ 2025ರ ಸೆಪ್ಟೆಂಬರ್‌ಗೆ ತೀರಿತು. ಅದರ ಹೆಸರಿನಲ್ಲಿ ಇವತ್ತೂ ಫೋನಿನಲ್ಲಿ ಜಾಹೀರಾತು ಬರುತ್ತವೆ. ‘ಅರ್ಜಿ ಶುಲ್ಕ 50 ಡಾಲರ್’ ಅಂತ ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ. ನಿಜವಾಗಿ ಸಹಾಯ ಮಾಡುವವರು ಯಾರೂ ಅರ್ಜಿಗೆ ದುಡ್ಡು ಕೇಳುವುದಿಲ್ಲ.

ಹಾಗಾದರೆ ಈಗ ಏನಿದೆ? ಅದಕ್ಕೆ ಮೊದಲು ನಿಮ್ಮ ಪತ್ರ ಓದುವಾಗ ನನಗೆ ತಟ್ಟನೆ ಹೊಳೆದದ್ದನ್ನು ಹೇಳಿಬಿಡುತ್ತೇನೆ. ನಿಮಗೆ ಮೊದಲು ಬೇಕಾಗಿರೋದು ಬಾಡಿಗೆ ಸಹಾಯವೇ ಅಲ್ಲ. ನಿಮ್ಮ ಯಜಮಾನರು ಆಪರೇಷನ್ ಆಗಿ ಕೆಲಸ ಬಿಟ್ಟು ಕೂತಿದ್ದಾರೆ, ಅಲ್ವಾ? ನ್ಯೂ ಜೆರ್ಸಿಯಲ್ಲಿ ಇದಕ್ಕಂತಲೇ ತಾತ್ಕಾಲಿಕ ಅಂಗವೈಕಲ್ಯ ವಿಮೆ ಇದೆ. ಜನ ಇದನ್ನು ಟಿಡಿಐ ಅಂತಾರೆ. ಕೆಲಸಕ್ಕೆ ಸಂಬಂಧ ಇಲ್ಲದ ಕಾಯಿಲೆ, ಆಪರೇಷನ್, ಹೆರಿಗೆ ಇಂಥದ್ದಕ್ಕೆ ಸಂಬಳದ ನೂರಕ್ಕೆ 85ರಷ್ಟು ಕೊಡುತ್ತದೆ, ಒಂದು ಗರಿಷ್ಠ ಮಿತಿಯೊಳಗೆ, 26 ವಾರದವರೆಗೆ. ಅವರ ಪೇ ಸ್ಲಿಪ್ ತೆಗೆದು ನೋಡಿ. ಈ ವಿಮೆಗೆ ಅಂತ ಸಂಬಳದಲ್ಲಿ ಕತ್ತರಿಸಿರುತ್ತಾರೆ. ವಾರಕ್ಕೆ 40 ಗಂಟೆ, ಗಂಟೆಗೆ 18 ಡಾಲರ್ ಅಂದರೆ ವಾರಕ್ಕೆ 720. ಅದರ 85 ಪರ್ಸೆಂಟ್ 612. ಒಂಬತ್ತು ವಾರಕ್ಕೆ 5,500 ಡಾಲರ್ ದಾಟುತ್ತದೆ. ನಿಮ್ಮ ಬಾಕಿ 4,000.

ಇದು ದಾನ ಅಲ್ಲ, ವಿಮೆ. ನಾನು ಭೇಟಿಯಾದ ಕುಟುಂಬಗಳಲ್ಲಿ ಈ ಹಣ ಇದೆ ಅಂತಲೇ ಗೊತ್ತಿಲ್ಲದವರು ಎಷ್ಟೋ ಜನ. ವೇರ್‌ಹೌಸ್‌ನ ಸೂಪರ್‌ವೈಸರ್ ಹೇಳುವುದಿಲ್ಲ, ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ.

ಒಂದು ತೊಡಕಿದೆ. ಕೆಲಸ ನಿಂತ 30 ದಿನದೊಳಗೆ ಅರ್ಜಿ ಹಾಕಬೇಕು. ನಿಮಗೆ ಆ ಗಡುವು ದಾಟಿದೆ. ತಡವಾದರೂ ಸರಿಯಾದ ಕಾರಣ ಇದ್ದರೆ ಒಪ್ಪಬಹುದು, ಕಡಿತ ಮಾಡಬಹುದು, ತಿರಸ್ಕರಿಸಲೂಬಹುದು. ಹಾಗಾಗಿ ನಾಳೆ ಅಂತ ಬಿಡದೆ ಇವತ್ತೇ ಹಾಕಿ. ಆಪರೇಷನ್, ನೋವು, ವಿಷಯ ಗೊತ್ತಿಲ್ಲದೇ ಇದ್ದದ್ದು, ಎಲ್ಲವನ್ನೂ ಇದ್ದ ಹಾಗೆ ಬರೆಯಿರಿ. ಡಾಕ್ಟರು ಅವರ ಭಾಗ ತುಂಬಿ ಕಳಿಸಬೇಕು, ಸಾಮಾನ್ಯವಾಗಿ ತಡ ಆಗುವುದು ಅಲ್ಲೇ. ಅವರ ಆಫೀಸಿಗೆ ದಿನಾ ಫೋನ್ ಮಾಡಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಕೆಲವು ಕಂಪನಿಗಳು ರಾಜ್ಯದ ಬದಲು ಖಾಸಗಿ ವಿಮೆ ಇಟ್ಟುಕೊಂಡಿರುತ್ತವೆ, ಎಚ್‌ಆರ್‌ನಲ್ಲಿ ಕೇಳಿ. ಬೆನ್ನು ಕೆಟ್ಟಿದ್ದು ಕೆಲಸದಲ್ಲಿ ಭಾರ ಎತ್ತುವಾಗ ಆಗಿದ್ದರೆ ಮಾತ್ರ ದಾರಿ ಬೇರೆ. ಅದು ಕಾರ್ಮಿಕರ ಪರಿಹಾರ, ವರ್ಕರ್ಸ್ ಕಾಂಪ್. ಅದಕ್ಕೆ ಬೇರೆ ವಕೀಲರನ್ನು ನೋಡಬೇಕು.

ಆ ಹಣ ಬರಲು ವಾರಗಳು ಹಿಡಿಯುತ್ತವೆ, ಕೋರ್ಟಿನ ತಾರೀಖು ಅದಕ್ಕೆ ಮುಂಚೆಯೇ ಬರಬಹುದು. ಬಾಡಿಗೆ ಸಹಾಯ ಬೇಕಾಗೋದು ಈ ನಡುವಿನ ಅಂತರಕ್ಕೆ.

2-1-1 ಸಹಾಯವಾಣಿಗೆ ಫೋನ್ ಮಾಡಿ. ನಿಮ್ಮ ಕೌಂಟಿಯಲ್ಲಿ ಯಾರ ಹತ್ತಿರ ಈ ತಿಂಗಳು ಹಣ ಉಳಿದಿದೆ ಅಂತ ಅವರಿಗೆ ಗೊತ್ತಿರುತ್ತದೆ. ಹಣ ಕೊಡುವುದು ಅವರಲ್ಲ, ದಾರಿ ತೋರಿಸುವುದು ಮಾತ್ರ. ಮೊದಲ ವಾಕ್ಯದಲ್ಲೇ ‘ಕೋರ್ಟ್ ತಾರೀಖು ಇದೆ, ಇಂಥ ದಿನ’ ಅನ್ನಿ. ಕಷ್ಟದ ಕಥೆ ಆಮೇಲೆ. ತಾರೀಖು ಇದ್ದವರನ್ನು ಬೇರೆ ಸಾಲಿನಲ್ಲಿ ಇಡುವ ಸಂಸ್ಥೆಗಳು ಹಲವು.

ಅವರು ಕಳಿಸುವ ಜಾಗಗಳು ಎರಡು ಬಗೆ. ಒಂದು, ಫೆಡರಲ್ ಹಣದಿಂದ ನಡೆಯುವ ಕಾರ್ಯಕ್ರಮ. ಎಮರ್ಜೆನ್ಸಿ ಸೊಲ್ಯೂಷನ್ಸ್ ಗ್ರಾಂಟ್ ಅಂಥದ್ದು. ಅದರ ನಿಯಮದಲ್ಲಿ ಆರು ತಿಂಗಳವರೆಗಿನ ಹಳೇ ಬಾಕಿ ಕಟ್ಟಲು ಅವಕಾಶ ಇದೆ. ಆದರೆ ಕುಟುಂಬದ ಆದಾಯ ಆ ಪ್ರದೇಶದ ಮೀಡಿಯನ್ ಆದಾಯದ, ಅಂದರೆ ಅರ್ಧ ಕುಟುಂಬಗಳು ಮೇಲೂ ಅರ್ಧ ಕೆಳಗೂ ಇರುವ ಮಟ್ಟದ, ನೂರಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಈಗ ಒಬ್ಬರದೇ ಅರ್ಧ ಸಂಬಳ, ಹಾಗಾಗಿ ನಿಮಗೆ ಆಗಲೂಬಹುದು. ಹಣ ಖಾಲಿಯಾದರೆ ಮಾತ್ರ ಅರ್ಹತೆ ಇದ್ದೂ ಪ್ರಯೋಜನ ಇಲ್ಲ. ಇನ್ನೊಂದು ಬಗೆ ಸಾಲ್ವೇಶನ್ ಆರ್ಮಿ, ಕ್ಯಾಥೋಲಿಕ್ ಚಾರಿಟೀಸ್, ಸೇಂಟ್ ವಿನ್ಸೆಂಟ್ ಡಿ ಪಾಲ್ ತರಹದ ಸಂಸ್ಥೆಗಳು. ‘ನಾವು ಹಿಂದೂಗಳು, ಚರ್ಚಿಗೆ ಹೋಗೋದು ಹೇಗೆ’ ಅಂತ ಹಿಂಜರಿಯುವವರು ಬಹಳ. ಅವರು ಸಹಾಯಕ್ಕೆ ಬಂದವರ ಧರ್ಮ ನೋಡುವುದಿಲ್ಲ. ವಿನ್ಸೆಂಟ್ ಡಿ ಪಾಲ್‌ನ ಸ್ವಯಂಸೇವಕರು ಮನೆಗೇ ಬಂದು ಮಾತಾಡುತ್ತಾರೆ. ಕಾಫಿ ಕೊಟ್ಟರೆ ಕುಡಿಯುತ್ತಾರೆ.

ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಗುಟ್ಟಿದೆ. ಈ ಸಂಸ್ಥೆಗಳು ಹಣ ಕೊಡೋದು ಅತಿ ಹೆಚ್ಚು ಕಷ್ಟದಲ್ಲಿ ಇರುವವರಿಗಲ್ಲ. ಈ ತಿಂಗಳು ಕೊಟ್ಟರೆ ಮುಂದಿನ ತಿಂಗಳು ತಾವೇ ಕಟ್ಟಿಕೊಳ್ಳುವವರಿಗೆ. ಕ್ರೂರ ಅನ್ನಿಸುತ್ತದೆ, ನನಗೂ ಅನ್ನಿಸಿದೆ. ಆದರೆ ಅವರ ಕೈಲಿರುವುದು ಚಿಕ್ಕ ಬೊಕ್ಕಸ, ಮುಂದಿನ ತಿಂಗಳು ಹೇಗಿದ್ದರೂ ಮನೆ ಹೋಗುತ್ತೆ ಅನ್ನೋ ಕಡೆ ಹಾಕಲು ಅವರಿಗೆ ಮನಸ್ಸು ಬರುವುದಿಲ್ಲ. ‘ಮುಂದಿನ ತಿಂಗಳು ಹೇಗೆ ಕಟ್ಟುತ್ತೀರಿ?’ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಜನ ಅಲ್ಲಿ ಅತ್ತುಬಿಡುತ್ತಾರೆ, ಇಲ್ಲ ‘ದೇವರು ದಾರಿ ತೋರಿಸ್ತಾನೆ’ ಅಂತಾರೆ. ನಿಮ್ಮ ಹತ್ತಿರ ಗಟ್ಟಿ ಉತ್ತರ ಇದೆ. ಮೂರು ವಾರದಲ್ಲಿ ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರ ಚೀಟಿ, ಕೆಲಸ ಇನ್ನೂ ಇದೆ ಅಂತ ಕಂಪನಿಯ ಒಂದು ಸಾಲು, ಟಿಡಿಐ ಅರ್ಜಿ ಹಾಕಿದ ರಸೀದಿ. ಈ ಮೂರು ಕಾಗದ ಮುಂದಿಟ್ಟರೆ ಎದುರು ಕೂತವರ ಮುಖವೇ ಬದಲಾಗುತ್ತದೆ.

ಒಂದೇ ಸಂಸ್ಥೆ ಪೂರ್ತಿ 4,000 ಕೊಡುವುದು ಅಪರೂಪ. ಒಬ್ಬರು 500, ಇನ್ನೊಬ್ಬರು 800. ಅದೂ ‘ಉಳಿದದ್ದು ಹೊಂದಿಸಿಕೊಂಡರೆ ಮಾತ್ರ’ ಅಂತ ಒಂದು ಭರವಸೆ ಪತ್ರ ಕೊಡುತ್ತಾರೆ. ಮೊದಲ ಪತ್ರ ಸಿಗುವುದು ಕಷ್ಟ, ಅದನ್ನು ತೋರಿಸಿದರೆ ಎರಡನೆಯದು ಸಲೀಸು. ಚೆಕ್ ನಿಮ್ಮ ಕೈಗೆ ಬರುವುದಿಲ್ಲ, ಓನರ್ ಹೆಸರಿಗೆ ಹೋಗುತ್ತದೆ. ಓನರ್ ತಮ್ಮ ಟ್ಯಾಕ್ಸ್ ನಂಬರ್ ಕೊಡುವ ಡಬ್ಲ್ಯೂ-9 ಫಾರಂಗೆ ಸಹಿ ಹಾಕಬೇಕು, ಎಷ್ಟು ಬಾಕಿ ಅಂತ ಲೆಕ್ಕ ಬರೆದು ಕೊಡಬೇಕು. ನಮ್ಮವರ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ನಗದು ಬಾಡಿಗೆ, ಬಾಯಿಮಾತಿನ ಲೀಸ್, ಟ್ಯಾಕ್ಸ್‌ನಲ್ಲಿ ತೋರಿಸದ ವರಮಾನ. ಫಾರಂ ನೋಡಿದ ಕೂಡಲೇ ಓನರ್ ಹಿಂದೆ ಸರಿಯುತ್ತಾರೆ. ನ್ಯೂ ಜೆರ್ಸಿಯಲ್ಲಿ 2020ರಲ್ಲಿ ಬಂದ ಕಾನೂನಿನ ಪ್ರಕಾರ ಬಾಕಿ ಕೇಸಿನಲ್ಲಿ ದತ್ತಿ ಸಂಸ್ಥೆಯಿಂದಲೋ ಬಾಡಿಗೆ ಸಹಾಯ ಕಾರ್ಯಕ್ರಮದಿಂದಲೋ ಬಂದ ಹಣವನ್ನು ಓನರ್ ಒಪ್ಪಿಕೊಳ್ಳಲೇಬೇಕು. ಆದರೂ ಕಾನೂನು ಹೇಳುವುದಕ್ಕೆ ಮೊದಲು ಕೆಳಗಿಳಿದು ಹೋಗಿ ಮಾತಾಡಿ. ‘ನಿಮ್ಮ ದುಡ್ಡು ಬರೋದಕ್ಕೆ ಈ ಸಹಿ ಬೇಕು’ ಅನ್ನಿ. ಕೇಸ್ ಹಾಕಿದ ಓನರ್‌ಗೂ ಬೇಕಾಗಿರೋದು ದುಡ್ಡೇ.

ಅದೇ 2020ರ ಕಾನೂನಿನಲ್ಲಿ ನಿಮಗೆ ಧೈರ್ಯ ಕೊಡುವ ಇನ್ನೊಂದು ಮಾತಿದೆ. ತೀರ್ಪು ಓನರ್ ಪರ ಬಂದರೂ ಮುಗಿಯಲಿಲ್ಲ. ಕನಿಷ್ಠ ಮೂರು ಕೆಲಸದ ದಿನ ಆದ ಮೇಲೆ ವಾರಂಟ್, ಅಂದರೆ ಮನೆ ಖಾಲಿ ಮಾಡಿಸುವ ಕೋರ್ಟಿನ ಆದೇಶ. ಅದನ್ನು ಕೊಟ್ಟ ಮೇಲೆ ಮತ್ತೆ ಮೂರು ಕೆಲಸದ ದಿನ. ಆಮೇಲೆ ಬೀಗ. ಬೀಗ ಬಿದ್ದ ಮೇಲೂ ಮೂರು ಕೆಲಸದ ದಿನದೊಳಗೆ ಪೂರ್ತಿ ಬಾಕಿ ಕಟ್ಟಿದರೆ ಓನರ್ ತೆಗೆದುಕೊಳ್ಳಬೇಕು, ಕೇಸ್ ವಜಾ ಆಗಬೇಕು. ಇದನ್ನೇ ನಂಬಿಕೊಂಡು ಕೂರಬೇಡಿ ಮತ್ತೆ. ಬೀಗದವರೆಗೆ ಹೋದರೆ ಖರ್ಚು ಏರುತ್ತದೆ. ತೀರ್ಪಿನ ದಾಖಲೆ ಬೇರೆ ಉಳಿಯುತ್ತದೆ. ಬಾಡಿಗೆದಾರರ ಹಿನ್ನೆಲೆ ನೋಡುವ ಕಂಪನಿಗಳು ಅದನ್ನು ಏಳು ವರ್ಷದವರೆಗೆ ತೋರಿಸಬಹುದು. ಮುಂದಿನ ಮನೆ ಹುಡುಕುವಾಗ ಅದೇ ಅಡ್ಡ ಬರುತ್ತದೆ.

ಸಮಾಲೋಚನೆಯ ದಿನ ಓನರ್ ಕಡೆಯ ವಕೀಲರು ಒಂದು ರಾಜಿ ಪತ್ರ ಮುಂದಿಡಬಹುದು. ಅವರು ನಗುನಗುತ್ತಾ ಮಾತಾಡುತ್ತಾರೆ. ಅವರು ನಿಮ್ಮ ವಕೀಲರಲ್ಲ ಅನ್ನೋದು ನೆನಪಿರಲಿ. ಆ ರಾಜಿ ಪತ್ರ, ಅಂದರೆ ಒಪ್ಪಿಗೆ ತೀರ್ಪಿನ ಫಾರಂ, ಎರಡು ಥರ ಇದೆ. ಬಾಡಿಗೆದಾರರು ಮನೆಯಲ್ಲಿ ಉಳಿಯುವುದು ಅಂತ ಒಂದು, ಖಾಲಿ ಮಾಡುವುದು ಅಂತ ಇನ್ನೊಂದು. ನೋಡೋಕೆ ಎರಡೂ ಒಂದೇ ಥರ. ಸಹಿ ಹಾಕುವ ಮೊದಲು ತಲೆಬರಹ ಓದಿ. ಉಳಿಯುವ ಫಾರಂನಲ್ಲೂ ಕೊಕ್ಕೆ ಇದೆ. ಕಂತಿನಲ್ಲಿ ಕಟ್ತೀನಿ ಅಂತ ಒಪ್ಪಿ ಒಂದು ಕಂತು ತಪ್ಪಿದರೆ, ಮತ್ತೆ ವಿಚಾರಣೆ ಇಲ್ಲದೆ ವಾರಂಟ್ ತನಕ ಹೋಗಬಹುದು. ಆ ಗಳಿಗೆಯಲ್ಲಿ ಹೆದರಿ ‘ವಾರಕ್ಕೆ ಸಾವಿರ ಕಟ್ತೀನಿ’ ಅಂದವರನ್ನು ನೋಡಿದ್ದೇನೆ. ಎರಡನೇ ವಾರಕ್ಕೇ ಸಿಕ್ಕಿಬಿದ್ದರು. ಟಿಡಿಐ ಬರದೇ ಹೋದರೂ ಕಟ್ಟಲು ಆಗುವಷ್ಟನ್ನು ಮಾತ್ರ ಒಪ್ಪಿ. ಲೇಟ್ ಫೀ, ವಕೀಲರ ಫೀ ಸೇರಿಸಿದ್ದಾರಾ ನೋಡಿ. ಅವು ಬಾಡಿಗೆಯ ಭಾಗ ಅಂತ ಲೀಸ್‌ನಲ್ಲಿ ಬರೆದಿರದಿದ್ದರೆ ಈ ಕೇಸಿನಲ್ಲಿ ಕೇಳುವ ಹಾಗಿಲ್ಲ.

ಇದಕ್ಕೆಲ್ಲ ವಕೀಲರು ಜೊತೆಗಿದ್ದರೆ ಒಳ್ಳೆಯದು. ನ್ಯೂ ಜೆರ್ಸಿಯ ಲೀಗಲ್ ಸರ್ವಿಸಸ್‌ಗೆ ಫೋನ್ ಮಾಡಿ, ಬಡವರಿಗೆ ಉಚಿತ. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ವಲಸೆಯ ಕಾರಣಕ್ಕೆ ಅಡ್ಡಿ ಇಲ್ಲ. ಎಚ್-1ಬಿ, ಎಚ್-4 ವೀಸಾ ಇರುವ ಓದುಗರಿಗೆ ಒಂದು ಮಾತು. ಫೆಡರಲ್ ಹಣ ಪಡೆಯುವ ಉಚಿತ ಕಾನೂನು ಕಚೇರಿಗಳು ಸಾಮಾನ್ಯವಾಗಿ ನಿಮ್ಮ ಕೇಸ್ ಹಿಡಿಯುವ ಹಾಗಿಲ್ಲ, ಆ ಹಣ ಪಡೆಯದ ಸಂಸ್ಥೆಗಳನ್ನೂ ಲಾ ಸ್ಕೂಲ್ ಕ್ಲಿನಿಕ್‌ಗಳನ್ನೂ ಕೇಳಿ.

ಈಗ ಸಿಟಿಜನ್‌ಶಿಪ್ ಮತ್ತು ಅಣ್ಣನ ವಿಷಯ. ಹೆದರಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ, ಬೇರೆ ಬೇರೆ ವಿಷಯ ಕಲಸಿಬಿಟ್ಟಿದ್ದಾರೆ. ಸರ್ಕಾರದ ಮೇಲೆ ಹೊರೆ ಆಗ್ತಾರಾ ಅಂತ ನೋಡುವ ‘ಪಬ್ಲಿಕ್ ಚಾರ್ಜ್’ ಪರೀಕ್ಷೆ ಮುಖ್ಯವಾಗಿ ವೀಸಾ, ಗ್ರೀನ್ ಕಾರ್ಡ್ ಕೇಳುವಾಗಿನದು. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಆ ಪರೀಕ್ಷೆ ಇಲ್ಲ. ಗ್ರೀನ್ ಕಾರ್ಡ್ ಇದ್ದವರು 180 ದಿನಕ್ಕಿಂತ ಜಾಸ್ತಿ ದೇಶದ ಹೊರಗಿದ್ದು ವಾಪಸ್ ಬಂದರೆ ಮಾತ್ರ ಆ ಪ್ರಶ್ನೆ ಏಳಬಹುದು. ಆ ನಿಯಮಗಳು ಆಗಾಗ ಬದಲಾಗುತ್ತಿವೆ, ಹಾಗಾಗಿ ಊರಿಗೆ ಅಷ್ಟು ದಿನ ಹೋಗುವ ಯೋಚನೆ ಇದ್ದರೆ ವಲಸೆ ವಕೀಲರನ್ನು ಒಂದು ಮಾತು ಕೇಳಿ. ಟಿಡಿಐ ಅಂತೂ ದುಡಿದು ಕಟ್ಟಿದ ವಿಮೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಣ್ಣ ಸಹಿ ಹಾಕಿದ ಐ-864 ಪತ್ರ, ಅಂದರೆ ಸ್ಪಾನ್ಸರ್ ಆಗಿ ನಿಮ್ಮನ್ನು ನೋಡಿಕೊಳ್ತೀನಿ ಅನ್ನೋ ಒಪ್ಪಂದ, ನಿಜವಾದ ಕರಾರೇ. ನೀವು ಕೆಲವು ನಿರ್ದಿಷ್ಟ ಸರ್ಕಾರಿ ಸವಲತ್ತು ಪಡೆದರೆ ಅದನ್ನು ಕೊಟ್ಟವರು ಅವರ ಹತ್ತಿರ ವಾಪಸ್ ಕೇಳಬಹುದು. ಫೆಡರಲ್ ಪಟ್ಟಿಯಲ್ಲಿ ಇರುವುದು ಬಡ ವೃದ್ಧರಿಗೂ ಅಂಗವಿಕಲರಿಗೂ ಕೊಡುವ ಎಸ್‌ಎಸ್‌ಐ, ಬಡ ಕುಟುಂಬಗಳಿಗೆ ನಗದು ಸಹಾಯದ ಟಿಎಎನ್‌ಎಫ್, ಫುಡ್ ಸ್ಟಾಂಪ್, ಬಡವರ ಆರೋಗ್ಯ ವಿಮೆ ಮೆಡಿಕೈಡ್, ಮಕ್ಕಳ ಆರೋಗ್ಯ ವಿಮೆ. ದತ್ತಿ ಸಂಸ್ಥೆಯ ಬಾಡಿಗೆ ಚೆಕ್ ಅದರಲ್ಲಿಲ್ಲ. ಕೌಂಟಿಯ ಸೋಷಿಯಲ್ ಸರ್ವಿಸಸ್ ಕಚೇರಿ ಕೊಡುವ ತುರ್ತು ಸಹಾಯ ಮಾತ್ರ ನಗದು ಸಹಾಯಕ್ಕೋ ಎಸ್‌ಎಸ್‌ಐಗೋ ಹೆಣೆದುಕೊಂಡಿದೆ. ಐದು ವರ್ಷ ಆಗದ ಗ್ರೀನ್ ಕಾರ್ಡ್‌ನವರಿಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಹಾಗಾಗಿ ನಿಮ್ಮ ಮಟ್ಟಿಗೆ ಈ ಭಯಕ್ಕೆ ಆಧಾರ ಕಡಿಮೆ.

ಕೊನೆಯ ಪ್ರಶ್ನೆ, ಸುಮ್ನೆ ಖಾಲಿ ಮಾಡಿಬಿಡಲಾ? ಈಗ ಬೇಡ. ಬಿಟ್ಟು ಹೋದ ಮನೆಯ ಬಾಕಿಗೆ ಸಹಾಯ ಮಾಡುವ ಸಂಸ್ಥೆ ಸಿಗುವುದು ಬಹಳ ಕಷ್ಟ. ಸಾಲ ಹಾಗೇ ಉಳಿಯುತ್ತದೆ, ಓನರ್ ಬೇರೆ ಕೇಸ್ ಹಾಕಿ ಅದನ್ನು ಕೇಳಬಹುದು. ಹೊಸ ಮನೆಗೆ ಮುಂಗಡ ಬೇರೆ ಬೇಕು.

ಆದರೆ ಒಂದು ಕಹಿ ಮಾತು ಹೇಳಲೇಬೇಕು. ನ್ಯೂ ಜೆರ್ಸಿಯಲ್ಲಿ 1974ರಿಂದ ಎವಿಕ್ಷನ್ ವಿರೋಧಿ ಕಾನೂನು ಇದೆ. ಸರಿಯಾದ ಕಾರಣ ಇಲ್ಲದೆ, ಲೀಸ್ ಮುಗಿದರೂ ಬಾಡಿಗೆದಾರರನ್ನು ಕಳಿಸುವ ಹಾಗಿಲ್ಲ. ಆದರೆ ಓನರ್ ತಾವೂ ಅಲ್ಲೇ ವಾಸ ಇದ್ದು, ಬಾಡಿಗೆಗೆ ಕೊಟ್ಟದ್ದು ಎರಡು ಮನೆಗಿಂತ ಜಾಸ್ತಿ ಇಲ್ಲದಿದ್ದರೆ ಆ ರಕ್ಷಣೆ ಅನ್ವಯಿಸುವುದಿಲ್ಲ. ನಿಮ್ಮದು ಅಂಥದ್ದೇ. ಅಂದರೆ ಬಾಕಿ ಪೂರ್ತಿ ತೀರಿಸಿ ಈ ಕೇಸ್ ಗೆದ್ದರೂ, ಲೀಸ್ ಮುಗಿದ ಮೇಲೆ ಅವರು ನೋಟಿಸ್ ಕೊಟ್ಟು ಬಿಡಿ ಅನ್ನಬಹುದು. ತಿಂಗಳ ಲೆಕ್ಕದ ಬಾಡಿಗೆ ಆಗಿದ್ದರೆ ಒಂದು ತಿಂಗಳ ನೋಟಿಸ್ ಸಾಕು. ಹಾಗಾಗಿ ಅವರ ಜೊತೆ ಕೂತು ಮಾತಾಡುವಾಗ ಬಾಕಿಯ ಮಾತಷ್ಟೇ ಮುಗಿಸಿ ಎದ್ದು ಬರಬೇಡಿ, ಇನ್ನೊಂದು ವರ್ಷದ ಲೀಸ್ ಬರೆದು ಕೊಡ್ತೀರಾ ಅಂತಲೂ ಕೇಳಿ. ಒಪ್ಪದಿದ್ದರೆ, ಯಜಮಾನರು ಕೆಲಸಕ್ಕೆ ಹೋಗಿ ಕೈಯಲ್ಲಿ ಸ್ವಲ್ಪ ಕಾಸು ಸೇರುವವರೆಗೆ, ಅಂದರೆ ಮೂರು ನಾಲ್ಕು ತಿಂಗಳಾದರೂ ಸಮಯ ಕೊಡಿ, ಕೇಸ್ ವಾಪಸ್ ತಗೊಳ್ಳಿ, ಆಮೇಲೆ ನಾವೇ ಹೋಗ್ತೀವಿ ಅಂತ ಬರವಣಿಗೆಯಲ್ಲಿ ಮಾಡಿಕೊಳ್ಳಿ. ತೀರ್ಪಿನ ಕಲೆ ಇಲ್ಲದೆ ಹೊಸ ಮನೆ ಹುಡುಕೋದು ಎಷ್ಟೋ ಸುಲಭ.

ಮುಂಗಡದ್ದೂ ಹೀಗೇ ಒಂದು ಸೂಕ್ಷ್ಮ ಇದೆ. ಮನೆ ಬಿಟ್ಟ 30 ದಿನದೊಳಗೆ ಲೆಕ್ಕ ಕೊಟ್ಟು ಹಿಂತಿರುಗಿಸಬೇಕು ಅನ್ನೋ ಕಾನೂನು, ಓನರ್ ವಾಸವಿರುವ ಇಂಥ ಚಿಕ್ಕ ಮನೆಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆ ಕಾನೂನಿನಂತೆ ನಡೆದುಕೊಳ್ಳಿ ಅಂತ ನೀವು ಬರೆದು ಕೊಟ್ಟರೆ, 30 ದಿನ ಆದ ಮೇಲೆ ಅನ್ವಯಿಸುತ್ತದೆ. ಎರಡು ಸಾಲಿನ ಪತ್ರ ಸಾಕು. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ಇದು ಮಾತ್ರ ಓನರ್ ಜೊತೆ ಬಾಕಿಯ ಮಾತುಕತೆ ಮುಗಿದ ಮೇಲೆ ಕಳಿಸಿ, ಅದಕ್ಕೆ ಮೊದಲು ಬೇಡ.